ಬಿಸಿಲೂರಿನ ಉಣ್ಣೆ ಟೊಪ್ಪಿಗೆಗಳು

ನಮ್ಮ ಬಂಧುಬಳಗದಲ್ಲಿ ತಲೆಗೊಂದು ಉಣ್ಣೆ ಟೊಪ್ಪಿಗೆ ಇದೆ. ಕೆಲವು ತಲೆಗಳಿಗೆ ಮೂರು ಮೂರು ಇವೆ. ಎಲ್ಲವನ್ನೂ ಹೆಣೆದವಳು ನಾನೇ. ನಾವಿರುವುದು ಕಾಶ್ಮೀರದಲ್ಲಲ್ಲ, ಬಿಸಿಲೂರಾದ ವಾಡಿಯಲ್ಲಿ. ಇಲ್ಲಿ ಚಳಿಯೆಂಬುದು ಎಳ್ಳಮವಾಸ್ಯೆಯ ಆಚೀಚೆ ಬಂದು, ನಿಂತ ಕಾಲ ಮೇಲೆ ಚಹಾ ಕುಡಿದು ಹೋಗುವ ಬೀಗರ ಹಾಗೆ. ಟ್ರಂಕಿನಿಂದ ಸ್ವೆಟರು ತೆಗೆದು ಬಿಸಿಲಿಗೆ ಹಾಕಿ, ಅದರ ಡಾಂಬರುಗುಳಿಗೆಯ ವಾಸನೆ ಹೋಗುವಷ್ಟರಲ್ಲಿ ಚಳಿಯೇ ಹೋಗಿರುತ್ತದೆ.

ಹಬ್ಬಕ್ಕೆ ನಾನು ಕೊಟ್ಟ ಉಡುಗೊರೆಗಳನ್ನು ಯಾರೂ ಎಸೆದಿಲ್ಲ. ಎಲ್ಲರೂ ಬಳಸುತ್ತಾರೆ, ತಮ್ಮದೇ ರೀತಿಯಲ್ಲಿ. ಕೊಡ್ಲಿಯಲ್ಲಿರುವ ನಾದಿನಿ ಸುಮಿತ್ರಾ ನನ್ನ ಮಫ್ಲರಿನಲ್ಲಿ ಬಿಸಿ ರೊಟ್ಟಿ ಸುತ್ತಿಡುತ್ತಾಳೆ. ಸೇಡಂನ ತಮ್ಮನ ಮನೆಗೆ ಹೇಳದೆ ಹೋದಾಗ ನನ್ನ ಕೆಂಪು ಟೊಪ್ಪಿಗೆ ಮಿಕ್ಸರಿನ ಮೇಲೆ ಕೂತಿತ್ತು. ತಮ್ಮನ ಹೆಂಡತಿ ನಾಚಿಕೊಂಡಳು. ಮಿಕ್ಸರಿಗೆ ಅದು ಎಷ್ಟು ಸರಿಯಾಗಿ ಕೂತಿತ್ತೆಂದರೆ, ಬೇಸರಪಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ಹೋದಾಗಲೆಲ್ಲ ಅಲ್ಲಿ ಅಗೆದು ತೆಗೆದ ಹಳೆಯ ಶಿಲ್ಪಗಳನ್ನೂ ನೋಡಿ ಬರುವುದು ನನ್ನ ರೂಢಿ. ಆ ಕಲ್ಲಿನ ಜನರ ಕಿವಿಗೆ ಭಾರದ ಓಲೆ, ತಲೆಗೆ ಪೇಟ, ಟೊಂಕಕ್ಕೆ ಪಟ್ಟಿ. ಮೈಗೆ ಮಾತ್ರ ಹೊದಿಕೆಯ ಸುಳಿವಿಲ್ಲ. ಆ ಕಾಲಕ್ಕೂ ಈ ಸೀಮೆಯಲ್ಲಿ ಮಫ್ಲರಿಗೆ ಗಿರಾಕಿ ಇರಲಿಲ್ಲವೆಂದಾಯಿತು. ಇಷ್ಟೆಲ್ಲ ಪುರಾವೆ ಕಣ್ಣೆದುರಿಗಿದ್ದೂ ನಾನು ಹೆಣೆಯುತ್ತಲೇ ಬಂದೆ. ಕಾರಣವನ್ನು ಬಂಧುಗಳಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮವರು ರೈಲಿನಲ್ಲಿ ಗಾರ್ಡ್ ಆಗಿದ್ದವರು. ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು, ಬಲಗೈಯಲ್ಲಿ ಕಂಬಿ ಹಿಡಿದು, ಎಡಗೈಯಿಂದ ಹಸಿರು ಬಾವುಟ ತೋರಿಸುವುದು ಅವರ ರೂಢಿ. ನಿವೃತ್ತರಾದ ಮೇಲೆ ಒಂದು ಮುಂಜಾನೆ ಚಹಾ ಕೊಟ್ಟೆ. ಬಲಗೈಯಲ್ಲಿ ಕಪ್ಪು, ಎಡಗೈಯಲ್ಲಿ ಬಸಿ. ನಾನು ನೋಡುತ್ತಿದ್ದಂತೆ ಬಸಿ ಓರೆಯಾಯಿತು. ಮೊದಲು ಸ್ವಲ್ಪ, ಆಮೇಲೆ ಪೂರ್ತಿ. ಅದು ಫರಸಿಕಲ್ಲಿನ ನೆಲದ ಮೇಲೆ ಬಿದ್ದು ಒಡೆಯಿತು. ಅವರು ಬಸಿಯನ್ನು ನೋಡಲಿಲ್ಲ. ತಮ್ಮ ಕೈಯನ್ನು ನೋಡಿದರು, ಬೇರೆ ಯಾರೋ ಮರೆತು ಬಿಟ್ಟುಹೋದ ಸಾಮಾನನ್ನು ನೋಡುವ ಹಾಗೆ. ಡಾಕ್ಟರು ಲಕ್ವ ಎಂದರು. ಜೀವಕ್ಕೆ ಭಯವಿಲ್ಲ, ಕೈ ಮಾತ್ರ ಎತ್ತಿ ಎತ್ತಿ ರೂಢಿ ಮಾಡಿಸಬೇಕು, ಬಿಟ್ಟರೆ ಹಾಗೇ ಉಳಿದೀತು ಎಂದರು. ಅಂದಿನಿಂದ ಚಹಾ ಕೊಡುವಾಗ ನಾನು ಮೊದಲು ಅವರ ಮುಖ ನೋಡುವುದಿಲ್ಲ. ಬಸಿ ನೋಡುತ್ತೇನೆ.

ಡಾಕ್ಟರು ಹಿಚುಕಲಿಕ್ಕೆಂದು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. "ನಾ ಏನ್ ಸಣ್ಣ ಕೂಸೇನು, ಚೆಂಡ ಆಡ್ಲಿಕ್ಕ?" ಎಂದು ಇವರು ಅದನ್ನು ಕಪಾಟಿನ ಮೇಲೆ ಎಸೆದರು. ಎಡಗೈ ಶಾಲಿನೊಳಗೆ ಹೋಯಿತು, ಹೊರಗೆ ಬರಲೇ ಇಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಹಳೆಯ ಗೆಳೆಯರ ಜತೆ ಕೂಡುವುದು ನಿಂತಿತು. ಎಳ್ಳಮವಾಸ್ಯೆಗೆ ಕೊಡ್ಲಿಯ ಹೊಲಕ್ಕೆ ಕರೆದರೆ, "ಮಂದಿ ಊಟಕ್ಕ ಬರಂಗಿಲ್ಲ, ನನ್ನ ಕೈ ನೋಡ್ಲಿಕ್ಕ ಬರ್ತಾರ" ಎಂದರು. ನಾನು ಅತ್ತೆ, ರೇಗಿದೆ, ದೇವರಿಗೆ ಹರಕೆ ಹೊತ್ತೆ. ಕೈ ಶಾಲು ಬಿಟ್ಟು ಅಲುಗಲಿಲ್ಲ.

ಪಕ್ಕದ ಮನೆಯ ಮೆಹರುನ್ನಿಸಾ ಆಪಾ ಒಂದು ಮಧ್ಯಾಹ್ನ ಉಣ್ಣೆಯ ಲಡಿಯೊಂದನ್ನು ಹಿಡಿದು ಬಂದರು. ಆಗ ಉಣ್ಣೆ ಲಡಿಯಾಗಿಯೇ ಬರುತ್ತಿತ್ತು, ದೊಡ್ಡ ಹಾರದ ಹಾಗೆ. ಒಬ್ಬರು ಅದನ್ನು ಎರಡೂ ಕೈಗಳಿಗೆ ತೊಟ್ಟು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಎಳೆ ಎಳೆದು ಉಂಡಿ ಸುತ್ತಬೇಕು. ಹಾಗೆ ಸುತ್ತದೆ ಹೆಣೆಯಲು ಕೂತರೆ ಲಡಿ ಸಿಕ್ಕುಸಿಕ್ಕಾಗುತ್ತದೆ.

"ಗಾರ್ಡ್ ಸಾಬ್, ಜರಾ ಇದು ಹಿಡೀರಿ. ನನ್ನ ಸೊಸಿ ತವರಿಗೆ ಹೋಗ್ಯಾಳ."

ಮನೆಗೆ ಬಂದ ನೆರೆಯವಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ಇವರ ಸ್ವಭಾವದಲ್ಲಿಲ್ಲ. ಬಲಗೈ ಚಾಚಿದರು.

"ಒಂದ ಕೈಲೆ ಹಿಡೀಲಿಕ್ಕ ಇದೇನ್ ಕೊಡೆ ಏನ್ರಿ? ಇನ್ನೊಂದು ತಗೀರಿ ಹೊರಗ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಶಾಲು ಅಲುಗಿತು. ಎಡಗೈ ಹೊರಬಂತು. ಆಪಾ ಏನೂ ಕಾಣದವರಂತೆ ಲಡಿ ತೊಡಿಸಿದರು. ಕೈ ತುಸು ಎದ್ದಿತು, ನಡುಗಿತು, ತೊಡೆಯ ಮೇಲೆ ಬಿತ್ತು. ಲಡಿ ಸಿಕ್ಕಾಯಿತು. ಆಪಾ ಎಳೆ ಎಳೆಯಾಗಿ ಸಿಕ್ಕು ಬಿಡಿಸುತ್ತ, "ಜಲ್ದಿ ಏನದರಿ? ಸೊಸಿ ಬರೋತನಕ ಟೈಮ್ ಅದ" ಎಂದರು. ಕೈ ಮತ್ತೆ ಎದ್ದಿತು.

ಹೋಗುವಾಗ ಆಪಾ ಹೆಣಿಗೆಯ ಕಡ್ಡಿಗಳನ್ನು ನನ್ನ ಕೈಗಿಟ್ಟು, "ನಾಳಿಂದ ನೀವೇ ಕಲೀರಿ. ನನ್ನ ಸೊಸಿ ದಿನಾ ತವರಿಗೆ ಹೋದ್ರ ನನ್ನ ಮಗ ಏನಂದಾನು?" ಎಂದರು. ಹೀಗೆ ನಾನು ಮುದುಕಿಯಾದ ಮೇಲೆ ಹೆಣಿಗೆ ಕಲಿತೆ. ನನ್ನ ಮೊದಲ ಟೊಪ್ಪಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ ಆಪಾ, "ಇದು ಟೊಪಗಿನೋ, ಕೋಳಿ ಕಾವಿಗೆ ಕೂಡಿಸೋ ಬುಟ್ಟಿನೋ?" ಎಂದು ಕೇಳಿದ್ದರು.

ಈಗ ನಿಮಗೆ ಲೆಕ್ಕ ಹೊಳೆದಿರಬೇಕು. ಇವರ ಕೈಗೆ ಲಡಿ ಬೇಕಿತ್ತು. ಲಡಿ ಮುಗಿದರೆ ಉಂಡಿಯಾಗುತ್ತಿತ್ತು. ಉಂಡಿಯನ್ನು ಏನಾದರೂ ಮಾಡಬೇಕಲ್ಲ, ಟೊಪ್ಪಿಗೆಯಾಗುತ್ತಿತ್ತು. ಟೊಪ್ಪಿಗೆಗೆ ತಲೆ ಬೇಕು. ತಲೆಗಳು ನಮ್ಮ ಬಳಗದಲ್ಲಿ ಸಾಕಷ್ಟಿದ್ದವು. ಬಿಸಿಲುಗಾಲದಲ್ಲೂ ಲಡಿ ತಂದೆ. ಫ್ಯಾನಿನ ಕೆಳಗೆ ಕೂತು ಮಫ್ಲರು ಹೆಣೆದೆ. ಎಳೆ ಬಿಚ್ಚಿಕೊಳ್ಳುವುದಕ್ಕೆ ತಕ್ಕಂತೆ ಕೈಗಳನ್ನು ಎಡಕ್ಕೆ ಬಲಕ್ಕೆ ಓಲಿಸುವುದನ್ನು ಇವರು ಕಲಿತರು, ಗಾಡಿ ತಿರುವಿನಲ್ಲಿ ಓಲಾಡುವ ಹಾಗೆ. ಕೈ ಬೀಳುವುದು ಕಡಿಮೆಯಾಯಿತು. ನಾನು ಒಮ್ಮೆಯೂ ಹೊಗಳಲಿಲ್ಲ. ಹೊಗಳಿದರೆ ಅದು ಔಷಧವಾಗುತ್ತಿತ್ತು. ಔಷಧವಾದರೆ ರಬ್ಬರ್ ಚೆಂಡಿನ ಜತೆ ಕಪಾಟು ಸೇರುತ್ತಿತ್ತು.

ಹೋದ ಎಳ್ಳಮವಾಸ್ಯೆಗೆ ತಾವಾಗಿಯೇ ಕೊಡ್ಲಿಗೆ ಹೊರಟರು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಊಟಕ್ಕೆ ಕೂತಾಗ ನಾನು ಚೀಲ ಬಿಚ್ಚಿದೆ. ಸುಮಿತ್ರಾ ಕೈಮುಗಿದಳು. "ವೈನಿ, ನಿಮ್ಮ ಕಾಲಿಗೆ ಬೀಳ್ತೀನಿ, ಟೊಪಗಿ ಸಾಕ್ರಿ. ಇನ್ನ ಎತ್ತಿನ ಕೋಡಿಗೇ ಹಾಕಬೇಕು." ಎಲ್ಲರೂ ನಕ್ಕರು. ಇವರು ಎಡಗೈಯಲ್ಲಿ ಸಜ್ಜೆ ರೊಟ್ಟಿ ಹಿಡಿದು, ಬಲಗೈಯಿಂದ ಮುರಿದು ಸೊಪ್ಪು-ಕಾಳಿನ ಭಜ್ಜಿಗೆ ಅದ್ದುತ್ತ, "ನಗಬ್ಯಾಡ್ರಿ, ಅದರಾಗ ಅರ್ಧ ನಂದದ" ಎಂದರು. ಅವರ ಕೈಯನ್ನು ಯಾರೂ ನೋಡಲಿಲ್ಲ. ನಾನೊಬ್ಬಳೇ ನೋಡಿದೆ. ರೊಟ್ಟಿ ಓರೆಯಾಗಿರಲಿಲ್ಲ.

ಈ ಸಲ ಶಹಾಬಾದಿನ ಅಂಗಡಿಗೆ ಹೋದರೆ ಲಡಿ ಸಿಗಲಿಲ್ಲ. "ಈಗ ಎಲ್ಲಾ ರೆಡಿ ಉಂಡಿನೇ ಬರ್ತಾವ್ರಿ ಅಮ್ಮಾರೆ. ಲಡಿ ಹಿಡ್ಕೊಂಡು ಕೂಡ್ಲಿಕ್ಕ ಯಾರಿಗದ ಪುರಸೊತ್ತು?" ಎಂದ ಅಂಗಡಿಯವ. ಇರಲಿ, ಇನ್ನು ಅದರ ಅಗತ್ಯವೇನಿದೆ ಎಂದುಕೊಂಡು ಉಂಡಿಗಳನ್ನೇ ತಂದೆ.

ಚೀಲ ಕಂಡ ಕೂಡಲೇ ಇವರು ಶಾಲು ತೆಗೆದಿಟ್ಟು, ಕಿಟಕಿಯ ಹತ್ತಿರದ ತಮ್ಮ ಕುರ್ಚಿಯಲ್ಲಿ ಕೂತು, ಎರಡೂ ಕೈ ಎತ್ತಿ ಹಿಡಿದರು.

"ಲಡಿ ಎಲ್ಲದ?"

"ಈಗ ಉಂಡಿನೇ ಬರ್ತಾವಂತ್ರಿ. ನಿಮಗಿನ್ನ ತ್ರಾಸ ಇಲ್ಲ."

ಕೈ ಇಳಿಯಲಿಲ್ಲ. "ತ್ರಾಸ ಅಂತ ನಾ ಯಾವಾಗ ಅಂದೆ?" ಎಂದರು. ಕಿಟಕಿಯಾಚೆ ನೋಡುತ್ತ, "ನಾ ಗಾರ್ಡ್ ಇದ್ದಾಂವ. ಗಾಡಿ ಯಾಕ ನಿಧಾನ ಹೊಂಟದ ಅಂತ ಹಿಂದಿನ ಡಬ್ಬಿಯಾಗ ಕುಂತಾಂವಗ ತಿಳೀತದ. ಬಿಸಲಾಗ ಲಡಿ ಯಾಕ ಬರ್ತಿದ್ವು ಅಂತನೂ ತಿಳೀತದ" ಎಂದರು.

ನಾನು ಒಂದು ಉಂಡಿಯ ತುದಿ ಹುಡುಕಿ, ಅವರ ಎರಡು ಕೈಗಳ ಸುತ್ತ ಎಳೆ ಸುತ್ತತೊಡಗಿದೆ. ಉಂಡಿಯನ್ನು ಲಡಿ ಮಾಡುವುದು, ಆಮೇಲೆ ಆ ಲಡಿಯನ್ನು ಮತ್ತೆ ಉಂಡಿ ಮಾಡುವುದು. ಅಷ್ಟರಲ್ಲಿ ಮೊಸರಿಗೆ ಹೆಪ್ಪು ಕೇಳಲು ಬಂದ ಆಪಾ ಬಾಗಿಲಲ್ಲೇ ನಿಂತುಬಿಟ್ಟರು.

"ಯಾ ಅಲ್ಲಾ! ಸುತ್ತಿದ್ದು ಬಿಚ್ಚಿ ಮತ್ತ ಸುತ್ತಲಿಕತ್ತೀರಲ್ಲ, ಇಬ್ಬರಿಗೂ ಏನಾಗ್ಯದ?"

ಇವರು ಕೈ ಅಲುಗಿಸದೆ, ಭಾಳ ಗಂಭೀರವಾಗಿ ಹೇಳಿದರು: "ಏನ್ ಮಾಡೋದ್ರಿ ಆಪಾ? ಕೊಡ್ಲಿಯಾಗ ರೊಟ್ಟಿ ಭಾಳ ಆಗ್ಯಾವಂತ. ಸುಮಿತ್ರಾಗ ಇನ್ನೊಂದು ಮಫ್ಲರ್ ಬೇಕಂತ."