ಪಕ್ಷ ಬಿಟ್ಟವಳ ಕ್ಯಾಸೆಟ್ಟು

ಹಾಡುವವರು ಕಾಲಕ್ಕೆ ತಕ್ಕಂತೆ ಬದಲಾಗಬೇಕು, ಕೇಳುವವರಿಗೆ ಯಾಕಷ್ಟು ಹಟ ಎಂದು ಈಚೆಗೆ ಯಾರೋ ನನ್ನ ಮುಂದೆ ದೊಡ್ಡ ಮಾತಾಡಿದರು. ನನಗೆ ಮೈಯೆಲ್ಲ ಉರಿಯಿತು. ಬದಲಾಗಲಿ, ಬೇಡವೆಂದವರು ಯಾರು? ಆದರೆ ಒಬ್ಬಾಕೆಯ ಹಾಡು ನಂಬಿ ನಾವು ಮನೆಯಲ್ಲಿ ಎದುರು ನಿಂತಿರುತ್ತೇವೆ. ಆಕೆ ಎದ್ದು ಹೋಗಿ ಎದುರಾಳಿಯ ಪಕ್ಕದಲ್ಲಿ ಕೂತರೆ ನಮ್ಮ ಗತಿಯೇನು?

ನಮ್ಮ ಇಂಡಿ ಸೀಮೆಯ ಗೀಗೀ ಹಾಡಿನಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆನ್ನುತ್ತಾರೆ. ಒಬ್ಬರ ಸವಾಲಿಗೆ ಇನ್ನೊಬ್ಬರು ಜವಾಬು ಕೊಡಬೇಕು, ಬರದಿದ್ದರೆ ಸೋತಂತೆ. ತೊಂಬತ್ತರ ದಶಕದಲ್ಲಿ ನಾನು ಹಲಸಂಗಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾಗೇಶಿ ಹಾಡುವ ಹೆಂಗಸೊಬ್ಬಳ ಕ್ಯಾಸೆಟ್ಟು ಮನೆಮನೆಯಲ್ಲೂ ಕೇಳುತ್ತಿತ್ತು. ನನ್ನ ಹಿರಿಯ ನೆಗೆಣ್ಣಿಗೆ ಅದು ಪೂರಾ ಬಾಯಿಪಾಠ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಏಳನೆಯ ಇಯತ್ತೆ ಮುಗಿಸಿದ ಮಗಳಿಗೆ ಸಾಲಿ ಸಾಕೆಂದು ಭಾವ ಹಟ ಹಿಡಿದಾಗ ಅಕ್ಕ ಬಾಯಿ ಮಾಡಲಿಲ್ಲ. ರೊಟ್ಟಿ ಬಡಿಯುತ್ತ ಕ್ಯಾಸೆಟ್ಟಿನ ಸವಾಲುಗಳನ್ನು ಒಂದೊಂದಾಗಿ ಹಾಡಿದಳು. ಭಾವನಿಗೆ ಜವಾಬು ಹೊಳೆಯಲಿಲ್ಲ. ಹುಡುಗಿ ಇಂಡಿಯ ಹೈಸ್ಕೂಲು ಸೇರಿದಳು.

ಮರುವರ್ಷದ ಬೇಸಿಗೆಯಲ್ಲಿ ಆ ಗಾಯಕಿಯ ಎರಡನೆಯ ಕ್ಯಾಸೆಟ್ಟು ಬಂತು. ಆಸೆಪಟ್ಟು ಇಂಡಿ ಸಂತೆಯಿಂದ ತಂದವಳು ಅಕ್ಕನೇ. ಹಾಕಿದರೆ ಗೀಗೀ ಮೇಳದಲ್ಲಿ ಬಾರಿಸುವ ದಪ್ಪಿನ ಸದ್ದೇ ಇಲ್ಲ, ಬರೀ ಕೀಬೋರ್ಡಿನ ಗದ್ದಲ. ಅದಾದರೂ ಹೋಗಲಿ. ಅದೇ ಗಂಟಲು, ಅದೇ ಏರುದನಿ, ಈಗ ಗಂಡೇ ಹೆಚ್ಚು ಎನ್ನುತ್ತಿತ್ತು. ಹೆಣ್ಣು ಒಲೆಯ ಮುಂದಿದ್ದರೇ ಚೆಂದವಂತೆ.

ಮುಂದಿನ ಸಂತೆಯ ದಿನ ಅದನ್ನು ಹಿಡಿದುಕೊಂಡು ನಾವಿಬ್ಬರೂ ಅಂಗಡಿಗೆ ಹೋದೆವು. ಅಲ್ಲಿ ಆಗಲೇ ಕೆಲವು ಹೆಂಗಸರು ಸಿಟ್ಟಿನಿಂದ ಕುದಿಯುತ್ತಿದ್ದರು. ಸಿಂದಗಿ ಕಡೆಯ ಒಬ್ಬ ಮುದುಕಿಯಂತೂ, "ಅಕಿ ಹಾಡು ಕೇಳಾಕ ಮುದ್ದೇಬಿಹಾಳಕ್ಕ ಹೋಗಿ ನಿದ್ದಿಗೆಟ್ಟಿದ್ನಲ್ಲವ್ವಾ, ಇದಕ್ಕೇನ?" ಎಂದು ಹಣೆ ಬಡಿದುಕೊಂಡಳು.

"ನಾ ಏನ್ ಮಾಡ್ಲಿ ಅಕ್ಕಾರ?" ಎಂದ ಅಂಗಡಿಯವ. "ಕ್ಯಾಸೆಟ್ ಕೊಳ್ಳಾವ್ರು ಗಂಡಸ್ರು. ನೀವು ಬರೇ ಕೇಳಾವ್ರು." ಕ್ಯಾಸೆಟ್ಟು ವಾಪಸು ತಗೊಳ್ಳದೆ ಹೀಗೆ ಹೇಳಿ ನಕ್ಕನಲ್ಲ, ಅವನ ನಗುವಿಗೆ ಬೆಂಕಿ ಬೀಳಲಿ. ನಾವು ಕೇಳದಿದ್ದರೆ ಆಕೆಯ ಹೆಸರು ಯಾರಿಗೆ ಗೊತ್ತಿರುತ್ತಿತ್ತು?

ಭಾವನಿಗಂತೂ ಹಬ್ಬ. ದಿನಾ ಸಂಜೆ ಮನೆಯ ಮುಂದಿನ ಕಟ್ಟೆಗೆ ಟೇಪು ತಂದಿಟ್ಟು, ಗೆಳೆಯರನ್ನು ಕೂಡಿಸಿಕೊಂಡು ಅದನ್ನೇ ಹಾಕುತ್ತಿದ್ದ. "ಕೇಳಿದಿಲ್ಲ?" ಎಂದು ಒಳಗಿದ್ದ ಅಕ್ಕನಿಗೆ ಕೂಗುತ್ತಿದ್ದ. "ನಿನ್ನ ಹಾಡಾಕಿನ ಒಪ್ಪಿಕೊಂಡ್ಲು. ಜೂನ್‌ದಿಂದ ಹುಡುಗಿ ಮನ್ಯಾಗ ಇರಲಿ."

"ಅಕಿ ನನ್ನ ಕೈ ಬಿಟ್ಟಳವ್ವ" ಎಂದು ಅಕ್ಕ ನನ್ನೆದುರು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ತಡೆಯಲಾಗಲಿಲ್ಲ. ಕ್ಯಾಸೆಟ್ಟಿನ ಅಂಚಿನ ಕಿಂಡಿಗಳಿಗೆ ಕಾಗದ ತುರುಕಿದರೆ ಹಳೆಯದರ ಮೇಲೆಯೇ ಹೊಸದನ್ನು ರೆಕಾರ್ಡು ಮಾಡಬಹುದೆಂದು ಗೊತ್ತಿತ್ತು. ಇಂಗಳೇಶ್ವರದ ನನ್ನ ತವರಿನಲ್ಲಿ ಅಣ್ಣಂದಿರು ಹಾಗೆ ಮಾಡುತ್ತಿದ್ದರು. "ಅಕಿ ಬಿಟ್ರ ಬಿಡ್ಲಿ, ನೀನ ಹಾಡಕ್ಕ" ಎಂದೆ. ಗಂಡಸರು ಹೊಲಕ್ಕೆ ಹೋಗಿದ್ದ ಮಧ್ಯಾಹ್ನ ಅದೇ ಎರಡನೆಯ ಕ್ಯಾಸೆಟ್ಟು ಹಾಕಿಕೊಂಡು ಅಕ್ಕ ಟೇಪಿನ ಮುಂದೆ ಕೂತಳು. ದಪ್ಪಿನ ಬದಲು ಊಟದ ತಾಟು ಬಡಿಯುತ್ತ ಹಿಂದಿನಿಂದ ಗೀ ಗೀ ಎಂದವಳು ನಾನು. ಹಾಡುಗಾರಿಕೆಯ ಗಂಧವೂ ನನಗಿರಲಿಲ್ಲ, ಆದರೂ ಗಂಟಲು ಹರಿಯುವಂತೆ ಕೂಗಿದೆ.

ಸಂಜೆ ಭಾವ ಎಂದಿನಂತೆ ಗುಂಡಿ ಒತ್ತಿದ. ಕೀಬೋರ್ಡು ಬರಲಿಲ್ಲ. ತಾಟಿನ ಸದ್ದು, ಆಮೇಲೆ ಅಕ್ಕನ ದನಿ ಬಂತು: "ಬಸ್ಸಿನ ಬೋರ್ಡ ಓದಾಕ ಮಗಳು ಬೇಕು, ಮಗಳಿಗೆ ಸಾಲಿ ಯಾಕ ಬ್ಯಾಡ, ಹೇಳಪ್ಪ ಹರದೇಶಿ."

ಭಾವನಿಗೆ ಅಕ್ಷರ ಬರುತ್ತಿರಲಿಲ್ಲ. ಬಾಗೇವಾಡಿಗೆ ಹೋಗಲಿ, ಸಿಂದಗಿಗೆ ಹೋಗಲಿ, ಬೋರ್ಡು ಓದಲು ಮಗಳನ್ನು ಕರೆದೊಯ್ಯುತ್ತಿದ್ದ. ಕಟ್ಟೆಯ ಮೇಲಿದ್ದವರಿಗೆಲ್ಲ ಅದು ಗೊತ್ತಿತ್ತು. ನಕ್ಕವರು ನಕ್ಕರು. ಅವರಲ್ಲಿ ಹಿರಿಯನೊಬ್ಬ ಮಾತ್ರ ನಗದೆ, "ಸವಾಲು ಬಂತಲ್ಲೋ ತಮ್ಮಾ, ಜವಾಬ ಕೊಡು" ಎಂದ. ಎಲ್ಲರೂ ಕಾದರು. ಭಾವ ಕತ್ತು ತುರಿಸಿಕೊಂಡ. ಟೇಪಿನಲ್ಲಿ ನನ್ನ ಬೇಸೂರಿನ ಗೀ ಗೀ ಓಡುತ್ತಲೇ ಇತ್ತು.

ಜೂನಿನಲ್ಲಿ ಹುಡುಗಿ ಮತ್ತೆ ಇಂಡಿ ಬಸ್ಸು ಹತ್ತಿದಳು. ಆ ಗಾಯಕಿಯ ಮೂರನೆಯ ಕ್ಯಾಸೆಟ್ಟೂ ಬಂತಂತೆ. ಅದರಲ್ಲಿ ಯಾವ ಪಕ್ಷ ಹಾಡಿದ್ದಾಳೆಂದು ನಾವು ಕೇಳಲಿಲ್ಲ.