ಬೋಣಿ ಹೊತ್ತಿನ ಗಿರಾಕಿಗಳು

ಅಂಗಡಿ ತೆರೆಯುತ್ತಿದ್ದಂತೆ ಬಂದು ನಿಲ್ಲುವ ಕೆಲವು ಗಿರಾಕಿಗಳನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಮೈ ಉರಿಯುತ್ತದೆ. ನಿಜವಾಗಿ ಬೇಕಾಗಿ ಬರುವವರ ಮೇಲೆ ನನಗೇನೂ ಸಿಟ್ಟಿಲ್ಲ. ಮೊದಲ ಗಿರಾಕಿಯನ್ನು ಅಂಗಡಿಯವನು ಬರಿಗೈಯಲ್ಲಿ ಕಳಿಸಲಾರ ಎಂದು ಗೊತ್ತಿದ್ದೇ, ಬೋಣಿ ಹೊತ್ತು ನೋಡಿಕೊಂಡು ಬರುವವರಿದ್ದಾರಲ್ಲ, ಅವರ ಮೇಲೆ.

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ನಮ್ಮಪ್ಪನದು ಮ್ಯಾಚಿಂಗ್ ಸೆಂಟರ್. ರವಿಕೆ ಬಟ್ಟೆ, ಲಂಗ, ಸೀರೆಗೆ ಹಚ್ಚುವ ಫಾಲ್, ಇಷ್ಟೇ ಸರಕು. ರಾಯಚೂರು ಕಡೆಯಿಂದ ಬಂದವನು, ಆ ಒಂದು ಪುಟ್ಟ ಅಂಗಡಿಯಿಂದಲೇ ನನ್ನನ್ನು ಓದಿಸಿದ. ಬೆಳಗ್ಗೆ ಶಟರ್ ಎತ್ತಿ, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚುವಷ್ಟರಲ್ಲಿ ಇಂಥವರು ಒಬ್ಬರಾದರೂ ಹಾಜರು. ಒಂದು ಹಸಿರಿಗೆ ಹತ್ತು ಹಸಿರು ತೆಗೆಸಿ, ತಂದ ಸೀರೆಗೆ ಹಿಡಿದು ನೋಡಿ, ಬಾಗಿಲ ಬೆಳಕಿಗೆ ಒಯ್ದು ಮತ್ತೆ ನೋಡಿ, ಕೊನೆಗೆ ಅಸಲಿಗಿಂತಲೂ ಕಡಿಮೆಗೆ ಕೇಳುತ್ತಿದ್ದರು. ಅಪ್ಪ ಕೊಟ್ಟುಬಿಡುತ್ತಿದ್ದ. ಮೇಲಾಗಿ ಆ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತಿದ್ದ. ನಾನು ಸಿಡುಕಿದರೆ, "ಲುಕ್ಸಾನಾದ್ರೂ ಚಿಂತಿಲ್ಲವ್ವಾ. ಬೋಣಿ ಗಿರಾಕಿ ಬರಿಗೈಲೆ ಹೋದ್ರ ದಿನಾ ಪೂರಾ ನೊಣಾ ಹೊಡಕೋತ ಕುಂದರಬೇಕಾಗ್ತದ" ಎನ್ನುತ್ತಿದ್ದ.

ನಾನು ಐಟಿ ಕೆಲಸಕ್ಕೆ ಸೇರಿದ ಕಾಲಕ್ಕೆ ಊರಿನ ಇನ್ನೊಂದು ತುದಿಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದೆಯೇನೋ ಅನ್ನಿಸುತ್ತಿತ್ತು. ಆಫೀಸು ದೂರವೆಂದು ಮನೆ ಬಿಟ್ಟು ಆ ಕಡೆಯ ಮಣಿಕೊಂಡದ ಫ್ಲ್ಯಾಟಿಗೆ ಹೋದೆ. ಜೊತೆಗೆ ಅದೇ ಆಫೀಸಿನ ಇಬ್ಬರು ಗೆಳತಿಯರು, ಒಬ್ಬಳು ಬೆಂಗಳೂರಿನವಳು, ಇನ್ನೊಬ್ಬಳು ಮಂಗಳೂರಿನವಳು. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದಾಗ "ಬಿಸಿನೆಸ್ಸು" ಎಂದೆ. ಎರಡು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಅವರು ದಿಲ್‌ಸುಖ್‌ನಗರಕ್ಕೆ ಹೋಗೋಣ ಎಂದಾಗಲೆಲ್ಲ ಏನಾದರೊಂದು ನೆವ ಹೇಳಿ ತಪ್ಪಿಸಿದೆ. ಅಂಗಡಿಯಲ್ಲಿ ಅಪ್ಪ ಬನಿಯನ್ನಿನ ಮೇಲೆ ಟವೆಲ್ ಹೊದ್ದು ಕೂತಿರುವುದನ್ನು ಅವರು ನೋಡಬಾರದಿತ್ತು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೂವರೂ ಒಟ್ಟಿಗೆ ರಜೆ ಹಾಕಿ ವಿಯೆಟ್ನಾಮಿನ ಹನೋಯ್‌ಗೆ ಹೋದೆವು. ಮೂವರಿಗೂ ಅದು ಮೊದಲ ವಿದೇಶ ಪ್ರವಾಸ. ಮೊದಲ ದಿನವೇ ಬೆಂಗಳೂರಿನವಳು ಮಾರ್ಕೆಟ್ಟಿನಲ್ಲಿ ಒಂದು ಚೀಲ ಕೊಂಡಳು. ಅದೇ ಚೀಲ ಪಕ್ಕದ ಅಂಗಡಿಯಲ್ಲಿ ಅರ್ಧ ಬೆಲೆಗಿತ್ತು. ಸಂಜೆಯೆಲ್ಲ ಅದೇ ಗೋಳು. ತನಗೆ ಚೌಕಾಸಿ ಮಾಡಲು ಬರುವುದಿಲ್ಲ, ಎಲ್ಲರೂ ತನಗೆ ಟೋಪಿ ಹಾಕುತ್ತಾರೆ ಎಂದಳು. ನನಗೆ ಜಾಣತನ ತೋರಿಸುವ ಚಪಲ.

"ನಾಳೆ ಜಲ್ದಿ ಹೋಗೂಣು" ಎಂದೆ. "ಅಂಗಡಿ ತೆಗಿಯೂದ್ರಾಗ ಹೋಗಿ ನಿಲ್ಲಬೇಕು. ಬೋಣಿ ಗಿರಾಕಿನ ಅವರು ಬಿಡಂಗಿಲ್ಲ. ಕೇಳಿದ ರೇಟಿಗೆ ಕೊಡತಾರ."

ಇಲ್ಲೂ ಹಾಗೇನಾ ಎಂದು ಹೋಟೆಲಿನ ಕೌಂಟರಿನ ಹುಡುಗಿಯನ್ನು ವಿಚಾರಿಸಿದೆವು. ಹೌದು, ಮೊದಲ ಗಿರಾಕಿ ಹೇಗೋ ದಿನವೆಲ್ಲ ಹಾಗೆ ಎಂದು ಇಲ್ಲಿಯವರೂ ನಂಬುತ್ತಾರೆ ಎಂದಳು. ನಾನು ಬೀಗಿದೆ. ನಮ್ಮಪ್ಪ ಯಾವುದಕ್ಕೆ ಹೆದರುತ್ತಾನೋ ಅದನ್ನೇ ನಾನು ಉಪಾಯವೆಂದು ಹಂಚಿದ್ದೆ.

ಮರುದಿನ ನಾವು ಹೋದಾಗ ರೇಷ್ಮೆ ಸ್ಕಾರ್ಫಿನ ಅಂಗಡಿಯಲ್ಲಿ ಒಬ್ಬ ಮುದುಕಿ ಗಂಟು ಬಿಚ್ಚುತ್ತಿದ್ದಳು. ಬೆಂಗಳೂರಿನವಳು ಅಲ್ಲಿದ್ದ ಸಣ್ಣ ಸ್ಟೂಲಿನ ಮೇಲೆ ಕೂತಳು. ಭಾಷೆ ಬಾರದ್ದಕ್ಕೆ ಕ್ಯಾಲ್ಕುಲೇಟರಿನಲ್ಲೇ ಮಾತು. ಮುದುಕಿ ಒತ್ತಿ ತೋರಿಸುವುದು, ಇವಳು ಅಳಿಸಿ ತನ್ನದನ್ನು ಒತ್ತುವುದು. ನೀಲಿ ತೆಗೆಸಿದಳು, ಇನ್ನೊಂದು ನೀಲಿ ತೆಗೆಸಿದಳು, ಕಟ್ಟಿಟ್ಟಿದ್ದ ಇನ್ನೊಂದು ಗಂಟನ್ನೂ ಬಿಚ್ಚಿಸಿದಳು. ಬಟ್ಟೆ ಮಡಚುವ ಕೈ ನೋಡಿದರೆ ಅದು ಎಷ್ಟು ವರ್ಷದ ಅಂಗಡಿ ಎಂದು ನಾನು ಹೇಳಬಲ್ಲೆ. ಮುದುಕಿ ನೋಡದೆಯೇ ಮಡಚುತ್ತಿದ್ದಳು. ಕೊನೆಗೆ ಅರ್ಧಕ್ಕೂ ಕಡಿಮೆಗೆ ಒಪ್ಪಿ, ಸ್ಕಾರ್ಫನ್ನು ಕವರಿಗೆ ಹಾಕಿ ಮುಂದೆ ಹಿಡಿದಳು.

ಬೆಂಗಳೂರಿನವಳು ಎದ್ದು ನಿಂತಳು. "ಇಷ್ಟಕ್ಕೆ ಒಪ್ಕೊಂಡ್ಲು ಅಂದ್ರೆ ಇನ್ನೂ ಕಮ್ಮಿಗೆ ಸಿಗತ್ತೆ. ಬನ್ರೇ, ಮುಂದೆ ನೋಡೋಣ" ಎಂದು ನಡೆದೇಬಿಟ್ಟಳು.

ಬೋಣಿ ಹೊತ್ತಿನಲ್ಲಿ ಎಷ್ಟಾದರೂ ಜಗ್ಗು, ಆದರೆ ಅಂಗಡಿಯವನು ಹೂಂ ಅಂದ ಮೇಲೆ ತೆಗೆದುಕೊಳ್ಳಲೇಬೇಕು. ನಮ್ಮ ಗಲ್ಲಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮೈ ಉರಿಸುವ ಆ ಗಿರಾಕಿಗಳೂ ಇಷ್ಟು ಮರ್ಯಾದೆ ಇಟ್ಟುಕೊಂಡಿದ್ದರು. ನಾನು ಗೆಳತಿಯರಿಗೆ ಅರ್ಧ ಮಾತು ಹೇಳಿದ್ದೆ, ಅದೂ ಲಾಭದ ಅರ್ಧ.

ಮುದುಕಿ ಏನೋ ಕೂಗಿದಳು. ಆಮೇಲೆ ಕಾಗದ ಸುರುಳಿ ಮಾಡಿ ಬೆಂಕಿ ಹಚ್ಚಿ, ಇವಳು ಕೂತಿದ್ದ ಸ್ಟೂಲಿನ ಸುತ್ತ, ಇವಳು ಮುಟ್ಟಿದ ಬಟ್ಟೆಗಳ ಮೇಲೆ, ಅಂಗಡಿಯ ಬಾಯಿಯವರೆಗೂ ಆಡಿಸಿದಳು. ಬೆಂಗಳೂರಿನವಳು ತಿರುಗಿ ನಿಂತು ಫೋನಿನಲ್ಲಿ ಚಿತ್ರ ಹಿಡಿಯತೊಡಗಿದಳು. "ನೋಡ್ರೇ, ನಮಗೆ ದೃಷ್ಟಿ ತೆಗೀತಿದ್ದಾಳೆ" ಎಂದು ನಕ್ಕಳು.

ನಾನು ಫೋನು ಕಿತ್ತುಕೊಂಡೆ. "ದೃಷ್ಟಿ ಅಲ್ಲ. ನೀ ಬಿಟ್ಟುಹೋದ ದರಿದ್ರ ತೆಗಿಯಾಕತ್ತಾಳ."

ಓಡಿಹೋಗಿ ಮುದುಕಿ ಮೊದಲು ಹೇಳಿದ ಪೂರ್ತಿ ಬೆಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವಳು ನೋಟಿನ ಕಡೆ ನೋಡಲಿಲ್ಲ. ಕೋಳಿ ಓಡಿಸುವ ಹಾಗೆ ಕೈ ಬೀಸಿದಳು. ಉರಿಯುತ್ತಿದ್ದ ಕಾಗದವನ್ನು ನನ್ನ ಕಾಲ ಹತ್ತಿರವೂ ಆಡಿಸಿದಳು. ಅವಳ ಲೆಕ್ಕದಲ್ಲಿ ನಾನೂ ಆ ಗುಂಪಿನವಳು, ಅದರಲ್ಲಿ ಏನೂ ತಪ್ಪಿರಲಿಲ್ಲ. ನಾನು ಹಿಂದೆ ಸರಿದೆ.

ಗೆಳತಿಯರು ಮೂಲೆಯಲ್ಲಿ ಕಾಯುತ್ತಿದ್ದರು. "ಬಿಡೇ, ಬೀದಿ ವ್ಯಾಪಾರದೋರು ಎಲ್ಲಾ ಕಡೆ ಹೀಗೇ. ಡ್ರಾಮಾ" ಎಂದಳು ಬೆಂಗಳೂರಿನವಳು.

"ನಮ್ಮಪ್ಪನೂ ಅಂಥಾವನ" ಎಂದೆ. "ದಿಲ್‌ಸುಖ್‌ನಗರದಾಗ ಮ್ಯಾಚಿಂಗ್ ಸೆಂಟರ್ ಐತಿ. ದಿನಾ ಮುಂಜಾನೆ ನಿನ್ನಂಥಾವರ ಕೈಯಾಗ ಸಿಗತಾನ." ಎರಡು ವರ್ಷ ಮುಚ್ಚಿಟ್ಟದ್ದನ್ನು ಹೀಗೆ ಬೈಗುಳದ ಹಾಗೆ ಅವಳ ಮುಖಕ್ಕೆ ಎಸೆದೆ. ಅಪ್ಪನ ಕೆಲಸವನ್ನು ಹೇಳಿಕೊಳ್ಳಲು ನನಗೆ ಸಿಕ್ಕ ಹೊತ್ತು ಅದು.

ಬೆಂಗಳೂರಿನವಳು ಜಗಳಕ್ಕೆ ಬರುತ್ತಾಳೆಂದುಕೊಂಡೆ, ಬರಲಿಲ್ಲ. "ನಿಮ್ಮಪ್ಪಂಗೆ ಹೀಗೆಲ್ಲಾ ಆಗತ್ತೆ ಅಂತ ಗೊತ್ತಿದ್ದೂ ನಮಗೆ ಯಾಕೆ ಹೇಳಿಕೊಟ್ಟೆ?" ಎಂದು ಮೆಲ್ಲಗೆ ಕೇಳಿದಳು. ನನಗೆ ಇನ್ನಷ್ಟು ಸಿಟ್ಟು ಬಂತು. ಆ ಪ್ರಶ್ನೆ ಕೇಳಿದ್ದಕ್ಕೆ ಅವಳ ಮೇಲೆ ಇವತ್ತಿಗೂ ಸಿಟ್ಟಿದೆ.

ವಾಪಸು ಬಂದ ಭಾನುವಾರ ಅಪ್ಪನ ಅಂಗಡಿಗೆ ಹೋದೆ. ಅಪ್ಪನಿಗೆ ಅಲ್ಲಿನ ಕೆರೆ, ಊಟ ಯಾವುದರ ಬಗ್ಗೆಯೂ ಕುತೂಹಲವಿರಲಿಲ್ಲ. ರವಿಕೆ ಬಟ್ಟೆ ಮಡಚುತ್ತ ಪ್ಯಾಟಿ ಹೆಂಗೈತಿ, ಬಟ್ಟೆ ಹೆಂಗ ಮಾರತಾರ ಎಂದೇ ಕೇಳುತ್ತಿದ್ದ. ಆಮೇಲೆ, "ಅಲ್ಲೂ ಬೋಣಿ ನೋಡತಾರೇನವ್ವಾ?" ಎಂದ.

"ಗೊತ್ತಿಲ್ಲಪ್ಪಾ" ಎಂದೆ. "ನಾವು ಮುಂಜಾನೆ ಹೋಗಿದ್ದಿಲ್ಲ."