ಗಾಡಿಯೂ ನನ್ನ ಕಾಲ್ಗುಣವೂ

ಗಾಡಿ ಕೆಟ್ಟರೆ ಎಲ್ಲರ ಮನೆಯಲ್ಲೂ ಮೊದಲು ಬಾನೆಟ್ ಎತ್ತಿ ನೋಡುತ್ತಾರೆ. ನನ್ನ ಅತ್ತೆಮನೆಯಲ್ಲಿ ಮೊದಲು ನನ್ನ ಕಾಲು ನೋಡುತ್ತಿದ್ದರು.

ಮದುವೆಯಾಗಿ ನಾನು ಮಾಲೂರು ಕಡೆಯ ತವರಿನಿಂದ ಶ್ರೀನಿವಾಸಪುರದ ಹತ್ತಿರದ ಆ ಹಳ್ಳಿಗೆ ಬಂದ ತಿಂಗಳೇ ಮನೆಗೆ ಹೊಸ ಪಿಕಪ್ ಬಂತು. ಮಾವಿನ ಕಾಲದಲ್ಲಿ ಮಾವು, ಉಳಿದ ಕಾಲದಲ್ಲಿ ಟೊಮೆಟೊ ಸಾಗಿಸಿ ನಮ್ಮವರು ಸಂಸಾರ ನಡೆಸುತ್ತಿದ್ದರು. ಹಳೆಯ ಗಾಡಿ ಕೊಟ್ಟು, ಟರ್ಬೊ ಇರುವ ಈ ಹೊಸದನ್ನು ತಂದಿದ್ದರು. ಕುರುಡುಮಲೆ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿದೆವು. ಚಕ್ರದ ಕೆಳಗಿಟ್ಟ ನಿಂಬೆಹಣ್ಣುಗಳ ಮೇಲೆ ಗಾಡಿ ಹರಿಯುವ ಮೊದಲು ಅತ್ತೆ ನನ್ನನ್ನು ಬಲಗಾಲಿಟ್ಟು ಹತ್ತಿಸಿ ಗಂಡನ ಪಕ್ಕದಲ್ಲಿ ಕೂರಿಸಿದರು. ಮೊದಲ ಕೆಲವು ತಿಂಗಳು ಬಾಡಿಗೆಯ ಮೇಲೆ ಬಾಡಿಗೆ. "ಎಲ್ಲಾ ನಮ್ ಸೊಸೆ ಕಾಲ್ಗುಣ ಕಣಮ್ಮ," ಎಂದು ಅತ್ತೆ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ನಾನು ನಾಚಿಕೊಂಡು ನಕ್ಕೆ. ಗಾಡಿ ಓಡಿದರೆ ನನ್ನ ಕಾಲ್ಗುಣ ಎನ್ನುವವರು ಅದು ನಿಂತಾಗ ಏನೆನ್ನುತ್ತಾರೆ ಎಂದು ಹೊಸ ಮದುವಣಗಿತ್ತಿ ಯಾಕೆ ಯೋಚಿಸುತ್ತಾಳೆ?

ಮೊದಲ ಸಲ ಅದು ಕೆಟ್ಟಿದ್ದು ಮುಳಬಾಗಿಲಿನ ಆಚೆಯ ಒಂದು ಏರಿನಲ್ಲಿ, ತುಂಬಿದ ಮಾವಿನ ಲೋಡಿನೊಂದಿಗೆ. ಎಂಜಿನ್ ನಿಲ್ಲಲಿಲ್ಲ, ವಿಚಿತ್ರ ಸದ್ದೂ ಬರಲಿಲ್ಲ. ಮೀಟರಿನ ಪಕ್ಕ ಹಳದಿ ಲೈಟು ಹತ್ತಿಕೊಂಡಿತು, ಎಳೆಯುವ ಶಕ್ತಿ ಹೊರಟುಹೋಯಿತು, ಅಷ್ಟೇ. ಎಷ್ಟು ತುಳಿದರೂ ಗಾಡಿ ಎಮ್ಮೆಯ ಹಾಗೆ ತನ್ನ ನಡಿಗೆಯಲ್ಲೇ ನಡೆಯಿತು. ಮಂಡಿ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು. ಹಣ್ಣಿನ ಯಜಮಾನ ನಮ್ಮವರನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದು ಕಳಿಸಿದ.

ಶ್ರೀನಿವಾಸಪುರದ ಮೆಕ್ಯಾನಿಕ್ ಏರ್ ಫಿಲ್ಟರ್ ಬದಲಿಸಿದ. ಖಾಲಿ ಗಾಡಿ ಚೆನ್ನಾಗಿಯೇ ಓಡಿತು. ಲೋಡು ಹಾಕಿ ಏರು ಹತ್ತಿಸಿದರೆ ಮತ್ತೆ ಅದೇ. ಆಮೇಲೆ ಡೀಸೆಲ್ ಫಿಲ್ಟರ್, ಆಮೇಲೆ ಟರ್ಬೊಗೆ ಹೋಗುವ ರಬ್ಬರ್ ಪೈಪು. ಕೋಲಾರದಲ್ಲಿ ಕಂಪ್ಯೂಟರ್ ಹಚ್ಚಿ ನೋಡುವವರ ಹತ್ತಿರ ಒಯ್ದರು. ಟರ್ಬೊ ಎಂಜಿನ್ನಿಗೆ ಎಷ್ಟು ಗಾಳಿ ಒತ್ತುತ್ತಿದೆ ಎಂದು ಅಳೆಯುವ ಸೆನ್ಸರ್ ಒಂದಿದೆಯಂತೆ. ಅದರಿಂದ ಸರಿಯಾದ ಸುದ್ದಿ ಬರದಿದ್ದರೆ ಎಂಜಿನ್ ಹೆದರಿ ತನ್ನ ಶಕ್ತಿಯನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆಯಂತೆ. ಸೆನ್ಸರ್ ಹೊಸದು ಹಾಕಿದರು, ಸರಿಹೋಯಿತು. ಮುಂದಿನ ತಿಂಗಳು ಮತ್ತೆ ಹಳದಿ ಲೈಟು. "ಎಲ್ಲೋ ನೀರು ಬೀಳ್ತಾ ಇದೆ ಗುರು, ಎಂಜಿನ್ ತೊಳೀಬೇಡಿ," ಎಂದರಂತೆ ಅಲ್ಲಿಯವರು. ನಾವು ಎಂಜಿನ್ ತೊಳೆಯುವವರೇ ಅಲ್ಲ. ಗಾಡಿ ವಾರಕ್ಕೊಮ್ಮೆ ಹೊರಗಿನಿಂದ ಒಂದು ಬಕೆಟ್ಟು ನೀರು ಕಂಡರೆ ಹೆಚ್ಚು.

ಮಂಡಿಯಲ್ಲಿ ಗಾಡಿಗೆ ಕೆಟ್ಟ ಹೆಸರು ಬಂತು. ಲೋಡು ಕೊಡುವವರು ನಮ್ಮವರ ಫೋನ್ ಎತ್ತುವುದನ್ನು ಬಿಟ್ಟರು. ಹಾಗೆ ಖಾಲಿ ನಿಂತ ಒಂದು ದಿನ ಎದುರುಮನೆಯ ಅಜ್ಜಿ ಜಗಲಿಯಲ್ಲಿ ಕೂತು ಅತ್ತೆಗೆ ತೆಲುಗಿನಲ್ಲಿ ಹೇಳಿದರು, "ಕೋಡಲು ಕಾಲು ಪೆಟ್ಟಿನ ವೇಳ." ಸೊಸೆ ಕಾಲಿಟ್ಟ ಗಳಿಗೆ. ಮಾಲೂರಿನವಳಿಗೆ ತೆಲುಗು ಬಾರದೆಂದು ಅವರು ತಿಳಿದಿದ್ದರು. ನನಗೆ ಚೆನ್ನಾಗಿಯೇ ಬರುತ್ತದೆ. ಅತ್ತೆ ಅಲ್ಲ ಎನ್ನುತ್ತಾರೇನೋ ಎಂದು ನಾನು ಬಾಗಿಲ ಹಿಂದೆ ಕಾದೆ. ಅವರು ಸೊಪ್ಪು ಬಿಡಿಸುತ್ತಾ ಸುಮ್ಮನೆ ಕೂತಿದ್ದರು.

ಅತ್ತೆ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಕೈಯಾರೆ ಗಂಜಿ ಕುಡಿಸಿದವರು. ಮಗ ಬೈಸಿಕೊಂಡು ಬಂದ ಮುಖ ನೋಡಲಾರದೆ ತಮಗೆ ತಿಳಿದ ಔಷಧಿ ಹಿಡಿದರು, ಅದು ದಿಷ್ಟಿ ತೆಗೆಯುವುದು. ಎಲ್ಲರೂ ಗಾಡಿಯ ಮುಂದೆ ನಿಂತು ಆರತಿ ಎತ್ತಿ ಓಕುಳಿಯನ್ನು ನೆಲಕ್ಕೆ ಚೆಲ್ಲುತ್ತಾರೆ. ಅತ್ತೆಯ ಲೆಕ್ಕ ಬೇರೆ. "ರೋಗ ಇರೋದು ಎಂಜಿನ್‌ಗೆ, ಮೂತಿಗೆ ತೆಗೆದ್ರೆ ಏನ್ ಬಂತು? ಬಾನೆಟ್ ಎತ್ತೋ," ಎಂದು ಮಗನಿಗೆ ಹೇಳುತ್ತಿದ್ದರು. ಪ್ರತಿ ಅಮಾವಾಸ್ಯೆ ಸಂಜೆ ನಮ್ಮವರು ಬಾನೆಟ್ ಎತ್ತುವರು. ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿಗೆ ಕಲ್ಲುಪ್ಪು ಹಾಕಿ, ತಟ್ಟೆಯನ್ನು ಸುತ್ತಿ ಇಳಿಸಿ, ಅತ್ತೆ ಅದನ್ನು ಎಂಜಿನ್ನಿನ ಮೇಲೇ ಹುಯ್ಯುವರು. ಗಾಡಿ ಕೆಟ್ಟಷ್ಟೂ ಉಪ್ಪು ಹೆಚ್ಚಾಯಿತು.

ನನ್ನ ಮೇಲಿನ ಕಟ್ಟುಪಾಡೂ ಹೆಚ್ಚಾಯಿತು. ಬಾಡಿಗೆಗೆ ಹೊರಡುವಾಗ ಎದುರು ಬರಬಾರದು. ಕೆಲವು ದಿನ ಹಿತ್ತಲ ಬಾಗಿಲಿನಿಂದಲೇ ಓಡಾಡು ಎಂದರು. ಬೆಳಗ್ಗೆ ಗಾಡಿ ಬೀದಿಯ ತಿರುವು ದಾಟಿದ ಸದ್ದು ಕೇಳುವವರೆಗೆ ನಾನು ಸೌದೆ ಕೊಟ್ಟಿಗೆಯ ಹತ್ತಿರ ನಿಂತಿರುತ್ತಿದ್ದೆ. ಅವಮಾನದಿಂದ ಮೈ ಉರಿಯುತ್ತಿತ್ತು. ಅದಕ್ಕಿಂತ ದೊಡ್ಡ ಅವಮಾನವೆಂದರೆ, ಹಾಗೆ ನಿಂತೇ, ಇವತ್ತಾದರೂ ಕೆಡದೆ ಬರಲಪ್ಪ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ.

ಕೊನೆಗೆ ಎದುರುಮನೆಯ ಅಜ್ಜಿಯೇ ದಾರಿ ಹೇಳಿದರು. "ಸ್ವಲ್ಪ ದಿನ ತವರಿಗೆ ಕಳ್ಸಿ ನೋಡ್ರಮ್ಮ. ಗೊತ್ತಾಗೋಗ್ತದೆ." ಮೆಕ್ಯಾನಿಕ್‌ಗಳು ಒಂದೊಂದೇ ಪಾರ್ಟು ಬಿಚ್ಚಿಟ್ಟು ಗಾಡಿ ಓಡಿಸಿ ನೋಡಿದ್ದರಲ್ಲ, ಈಗ ಬಿಚ್ಚಿಡಲು ಉಳಿದಿದ್ದ ಪಾರ್ಟು ನಾನೊಬ್ಬಳೇ. ನಮ್ಮವರು ತಲೆ ತಗ್ಗಿಸಿಕೊಂಡು, "ಹಬ್ಬಕ್ಕೆ ಹೋದಂಗೆ ಹೋಗ್ಬಿಟ್ ಬಾ," ಎಂದರು. ಯಾವ ಹಬ್ಬವೂ ಹತ್ತಿರದಲ್ಲಿರಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಅತ್ತೆ ತೋಟಕ್ಕೆ ಹೋಗಿದ್ದರು, ನಮ್ಮವರು ಮಲಗಿದ್ದರು. ನಾನು ಹೋಗಿ ಬಾನೆಟ್ ಎತ್ತಿದೆ. ನನಗೆ ಎಂಜಿನ್ನಿನ ಒಂದಕ್ಷರವೂ ಗೊತ್ತಿಲ್ಲ. ನನ್ನನ್ನು ಮನೆಯಿಂದ ಆಚೆ ಹಾಕಿಸುತ್ತಿರುವ ಈ ಮಾರಿಯ ಮುಖವನ್ನಾದರೂ ಸರಿಯಾಗಿ ನೋಡೋಣ ಎಂಬ ಸಿಟ್ಟು, ಬೇರೇನಿಲ್ಲ. ಮೊದಲು ಕಂಡದ್ದು ಕೆಂಪು. ಒಣಗಿದ ಓಕುಳಿ ಎಂಜಿನ್ನಿನ ನೆತ್ತಿಯಿಂದ ಗೀರುಗೀರಾಗಿ ಇಳಿದಿತ್ತು. ಒಂದು ಗೀರು ನೆಟ್ಟಗೆ ಹೊಸ ಸೆನ್ಸರಿನ ಪ್ಲಗ್ಗಿಗೆ ಹೋಗಿ ನಿಂತಿತ್ತು. ಹೊಸದೆಂದು ಗುರುತು ಸಿಕ್ಕಿದ್ದು ಸುತ್ತಲಿನ ಕೊಳೆಯಲ್ಲಿ ಅದೊಂದೇ ಕಪ್ಪಗೆ ಹೊಳೆಯುತ್ತಿದ್ದುದರಿಂದ. ಅದರ ಬಾಯಿಯ ಸುತ್ತ ಉಪ್ಪು ಬಿಳಿಯಾಗಿ ಕಟ್ಟಿಕೊಂಡಿತ್ತು.

ಗಂಡನನ್ನು ಎಬ್ಬಿಸಿ ಕರೆತಂದೆ. "ಎಲ್ಲೋ ನೀರು ಬೀಳ್ತಾ ಇದೆ ಅಂದ್ರಲ್ಲ ಕೋಲಾರದವ್ರು, ನೋಡ್ರಿ," ಎಂದೆ. ಅವರು ಪ್ಲಗ್ಗು ಎಳೆದರು. ಒಳಗಿನ ತಂತಿಯ ತುದಿಗಳು ಹಸಿರುಗಟ್ಟಿ ಪುಡಿಯಾಗುತ್ತಿದ್ದವು. ಅವರು ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು. ಮನೆಯಲ್ಲಿ ಯಾರೂ ದಿಷ್ಟಿಯ ನೀರನ್ನು ನೀರೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಂಜಿನ್ ತೊಳೆಯುವವರೇ ಅಲ್ಲ ಎಂದುಕೊಂಡದ್ದು ಸುಳ್ಳೂ ಆಗಿರಲಿಲ್ಲ. ಮೊದಲ ಸೆನ್ಸರ್ ತಾನಾಗಿಯೇ ಹೋಗಿದ್ದಿರಬೇಕು, ಆಮೇಲಿನದೆಲ್ಲ ಇದೇ ಸುತ್ತು: ದಿಷ್ಟಿ ತೆಗೆದ ಮೇಲೆ ಕೆಡುತ್ತದೆ, ಕೆಟ್ಟದ್ದಕ್ಕೆ ಮತ್ತೆ ದಿಷ್ಟಿ ತೆಗೆಯುತ್ತಾರೆ.

"ಅಮ್ಮಂಗೆ ನೀನೇನೂ ಹೇಳ್ಬೇಡ ಕಣೇ. ತನ್ ಕೈಯಿಂದ್ಲೇ ಹಿಂಗಾಯ್ತು ಅಂದ್ರೆ ನೊಂದ್ಕೊತಾಳೆ. ನಾನೇ ನಿಧಾನಕ್ಕೆ ಹೇಳ್ತೀನಿ, ಅಲ್ಲೀವರೆಗೂ ತವರಲ್ಲಿರು," ಎಂದರು. ನನಗೆ ಅಳು ಬಂತು, ಸಂತೋಷಕ್ಕೆ. ಮರುದಿನ ಅವರೇ ನನ್ನನ್ನು ಮಾಲೂರಿಗೆ ಬಿಟ್ಟರು. ವಾಪಸ್ಸು ಹೋಗುವಾಗ ಕೋಲಾರದಲ್ಲಿ ಪ್ಲಗ್ಗು, ವೈರು ಎರಡನ್ನೂ ಬದಲಾಯಿಸಿಕೊಂಡರು. ಮೆಕ್ಯಾನಿಕ್ ಬಾನೆಟ್ ಎತ್ತಬಾರದು ಅಂದಿದ್ದಾನೆ ಎಂದು ತಾಯಿಗೆ ಹೇಳಿ, ಮುಂದಿನ ಅಮಾವಾಸ್ಯೆಯ ಓಕುಳಿಯನ್ನು ಚಕ್ರದ ಮುಂದೆ ಚೆಲ್ಲಿಸಿದರಂತೆ.

ಗಾಡಿ ಸರಿಯಾಯಿತು. ಮತ್ತೆ ಕೆಡಲಿಲ್ಲ.

ಫೋನಿನಲ್ಲಿ ನಮ್ಮವರ ದನಿಯೇ ಬದಲಾಗಿತ್ತು. ಲೋಡು ಸಿಗುತ್ತಿದೆ, ವಕ್ಕಲೇರಿ ಕಡೆಯ ಟೊಮೆಟೊದವರು ಮತ್ತೆ ಕರೆಯುತ್ತಿದ್ದಾರೆ ಎನ್ನುವರು. "ಅತ್ತೆಗೆ ಹೇಳಿದ್ರಾ?" ಎಂದು ನಾನು ಕೇಳುವೆ. "ಹೇಳ್ತೀನಿ," ಎನ್ನುವರು. ಒಂದು ದಿನ ಅತ್ತೆಯೇ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ತುಂಬಾ ಮೆತ್ತಗೆ ಮಾತಾಡಿದರು. "ಬೇಜಾರ್ ಮಾಡ್ಕೋಬೇಡಮ್ಮ. ನೀನು ಹೋದಾಗಿಂದ ಗಾಡಿ ಒಂದ್ಸಲಾನೂ ನಿಂತಿಲ್ಲ. ನಿನ್ ತಪ್ಪಲ್ಲ ಅದು, ಗಳಿಗೆ. ಇನ್ನೂ ಸ್ವಲ್ಪ ದಿನ ಅಲ್ಲೇ ಇರು ತಾಯಿ." ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಪ್ಲಗ್ಗಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನಾನೇ ಹೇಳ್ತೀನಿ ಎಂದ ಗಂಡನ ಮಾತಿಗೆ ಕಟ್ಟುಬಿದ್ದು ನುಂಗಿಕೊಂಡೆ.

ಆಮೇಲೊಂದು ದಿನ ನಮ್ಮವರು ಟೊಮೆಟೊ ಲೋಡು ತುಂಬಿಕೊಂಡು ನಮ್ಮೂರ ಮೇಲೆ ಹಾದುಹೋಗುವಾಗ ಗಾಡಿ ರಸ್ತೆ ಬದಿಗೆ ನಿಲ್ಲಿಸಿ ಫೋನ್ ಮಾಡಿದರು. ನಾನು ಬ್ಯಾಗು ಕಟ್ಟಿಕೊಂಡೇ ಹೋದೆ. ಬ್ಯಾಗು ನೋಡಿ ಅವರ ಮುಖ ಸಣ್ಣಗಾಯಿತು.

"ಅತ್ತೆಗೆ ಹೇಳಿಲ್ಲ, ಅಲ್ವಾ?" ಎಂದೆ.

"ಈಗ ಓಡ್ತಾ ಇದೆಯಲ್ಲ, ಅದನ್ನ ಯಾಕೆ ಕೆದಕೋದು?"

"ನೀವೇ ನೋಡಿದ್ರಲ್ಲರೀ. ನಿಮ್ ಕೈಯಲ್ಲೇ ಉಜ್ಜಿ ನೋಡಿದ್ರಿ."

"ನೋಡಿದ್ದೀನಿ, ಇಲ್ಲ ಅನ್ನಲ್ಲ." ಅವರು ಸ್ಟೇರಿಂಗನ್ನು ಉಗುರಿನಿಂದ ಕೆರೆಯುತ್ತಾ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಆದ್ರೂ, ನೀನು ಬಂದ್ಮೇಲೆ ಮತ್ತೆ ಕೆಟ್ಟರೆ?"

ಬೀದಿಯವರ ಮಾತು, ಅತ್ತೆಯ ಮೌನ, ಕೊಟ್ಟಿಗೆಯ ಹತ್ತಿರ ನಿಂತ ಬೆಳಗುಗಳು, ಎಲ್ಲವನ್ನೂ ಸಹಿಸಿದ್ದೆ. ಒಬ್ಬರಿಗಾದರೂ ಸತ್ಯ ಗೊತ್ತಿದೆ ಎಂಬುದೇ ನನ್ನ ಆಸರೆಯಾಗಿತ್ತು. ಸತ್ಯ ಗೊತ್ತಿದ್ದೂ ಅದನ್ನು ನಂಬಲಾರದ ಮನುಷ್ಯನ ಮುಂದೆ ಇನ್ನು ಯಾವ ಬಾನೆಟ್ ಎತ್ತಿ ತೋರಿಸಲಿ? ನಾನು ಬ್ಯಾಗನ್ನು ರಸ್ತೆಗಿಟ್ಟು, ಹತ್ತಲೆಂದು ತೆಗೆದಿದ್ದ ಗಾಡಿಯ ಬಾಗಿಲು ಹಾಕಿದೆ. ಅವರು ಗಾಡಿ ಸ್ಟಾರ್ಟ್ ಮಾಡಿದರು.

ಊರಾಚೆ ಒಂದು ಏರಿದೆ. ಜೀವನದಲ್ಲಿ ಮೊದಲ ಸಲ ಆ ಎಂಜಿನ್ ಕೆಡಲಿ ಎಂದು ನಾನು ಬೇಡಿಕೊಂಡೆ. ಈಗಲೇ, ನಾನು ಅದರೊಳಗೆ ಇಲ್ಲದಿರುವಾಗಲೇ, ಅವರ ಕಣ್ಣೆದುರೇ ಹಳದಿ ಲೈಟು ಹತ್ತಲಿ ಎಂದು ಬೇಡಿಕೊಂಡೆ. ಗಾಡಿ ತುಂಬಿದ ಲೋಡು ಹೊತ್ತು ಎಲ್ಲೂ ತಡವರಿಸದೆ ಏರು ಹತ್ತಿ ಆಚೆ ಇಳಿದುಹೋಯಿತು.